ಬಾಟಲಿ ಬೀಳಲಿಲ್ಲ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಯೆರುತಿ ಶಾಲೆಯಿಂದ ಒಂದು ಚೀಟಿ ತಂದಳು. ವ್ಯಾಯಾಮದ ಮೇಷ್ಟ್ರು ಬರೆದದ್ದು, ಮೂರೇ ಸಾಲು: ಹುಡುಗಿಯ ಬಲಭುಜ ಎಡಭುಜಕ್ಕಿಂತ ಎತ್ತರವಾಗಿ ಕಾಣುತ್ತಿದೆ, ಬೆನ್ನುಮೂಳೆ ಸೊಟ್ಟಗಿರಬಹುದು, ದಯವಿಟ್ಟು ಡಾಕ್ಟರಿಗೆ ತೋರಿಸಿ. ಅವಳ ತಾಯಿ ಸುನಿಲ್ದಾ ಅದನ್ನು ನಿಂತಲ್ಲೇ ಓದಿ ಮೊದಲು ನಕ್ಕಳು, ಆಮೇಲೆ ಉರಿದುಬಿದ್ದಳು.

"ಆ ಮನುಷ್ಯನಿಗೆ ಫುಟ್‌ಬಾಲಿಗೆ ಗಾಳಿ ಹೊಡೆಯೋದು ಬಿಟ್ಟು ಇನ್ನೇನು ಗೊತ್ತು? ನಮ್ಮನೆ ಹುಡುಗಿ ಬೆನ್ನು ಅಳೆಯೋಕೆ ಬಂದ!"

ಉರಿಯುವುದಕ್ಕೆ ಕಾರಣವಿತ್ತು ಅನ್ನಿ. ಪಿರಿಬೆಬುಯ್ ಊರಿನಲ್ಲಿ ಬಾಟಲಿ ಕುಣಿತ ಕಲಿಯಬೇಕೆಂದವರು ಬರುತ್ತಿದ್ದುದು ಆ ಮನೆಗೇ. ತಲೆಯ ಮೇಲೆ ಒಂದರ ಮೇಲೊಂದು ಗಾಜಿನ ಬಾಟಲಿ ನಿಲ್ಲಿಸಿಕೊಂಡು, ಅಗಲ ಲಂಗದ ಎರಡೂ ತುದಿ ಹಿಡಿದು, ಹಾರ್ಪ್ ವಾದ್ಯದ ಸದ್ದಿಗೆ ಗಿರಗಿರ ಸುತ್ತುವ ಕುಣಿತ ಅದು. ಸುನಿಲ್ದಾಳ ತಾಯಿ ಎಲಿಹಿಯಾ ತನ್ನ ಕಾಲದಲ್ಲಿ ಒಂಬತ್ತು ಬಾಟಲಿ ಹೊತ್ತು ಕುಣಿದವಳು. ವಯಸ್ಸು ಎಪ್ಪತ್ತನಾಲ್ಕಾದರೂ ಮಾರುಕಟ್ಟೆಗೆ ಹೋದರೆ ತರಕಾರಿಯವರು ಇವತ್ತಿಗೂ 'ಒಂಬತ್ತರ ಅಜ್ಜಿ ಬಂದ್ಲು' ಎಂದು ದಾರಿ ಬಿಡುತ್ತಾರೆ. ಸುನಿಲ್ದಾ ಏಳರವರೆಗೆ ಹೋಗಿ ನಿಂತಿದ್ದಳು. ಈಗ ಹನ್ನೆರಡು ವರ್ಷದ ಯೆರುತಿಯ ಸರದಿ. ಸುನಿಲ್ದಾಳ ಗಂಡ ಗಡಿಯಾಚೆ ಅರ್ಜೆಂಟೀನಾದಲ್ಲಿ ಗಾರೆ ಕೆಲಸಕ್ಕೆ ಹೋದವನು ವರ್ಷಕ್ಕೊಮ್ಮೆ ಬರುತ್ತಿದ್ದ. ಹೆಂಗಸರು ಮೂವರೇ ಇದ್ದ ಆ ಮನೆಯಲ್ಲಿ ಬೆನ್ನು ಎಂದರೆ ಮರ್ಯಾದೆಯ ವಿಷಯ.

"ಬಾ ಇಲ್ಲಿ. ಮಾವಿನ ಮರದ ಕೆಳಗೆ ನಿಲ್ಲು," ಎಂದಳು ಸುನಿಲ್ದಾ.

ಯೆರುತಿ ಸಮವಸ್ತ್ರದಲ್ಲೇ ನಿಂತಳು. ತಲೆಯ ಮೇಲೆ ಮಡಿಸಿದ ಬಟ್ಟೆ, ಅದರ ಮೇಲೆ ಒಂದು ಬಾಟಲಿ, ಎರಡು, ಮೂರು. ನಾಲ್ಕನೆಯದಕ್ಕೆ ಸುನಿಲ್ದಾ ಸ್ಟೂಲು ಹತ್ತಿದಳು. ಆಮೇಲೆ ಅಂಗಳ ಸುತ್ತಲು ಹೇಳಿದಳು. ಹುಡುಗಿ ಒಂದು ಸುತ್ತು ಬಂದಳು, ಬಾವಿಯ ಹತ್ತಿರ ಮಂಡಿಯೂರಿ ಎದ್ದಳು, ಇನ್ನೊಂದು ಸುತ್ತು ಬಂದಳು. ಬಾಟಲಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವೇ ಹೊರತು ಅಲುಗಲಿಲ್ಲ.

"ನೋಡಿದ್ಯಾ? ಸೊಟ್ಟ ಬೆನ್ನಿನ ಮೇಲೆ ಇದು ನಿಲ್ಲತ್ತಾ? ಬಾಟಲಿ ಸುಳ್ಳು ಹೇಳಲ್ಲ ಕಣೇ."

ಎಲಿಹಿಯಾ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ತೆರೆರೆ ಎಂಬ ಐಸ್ ಹಾಕಿದ ಎಲೆಯ ಕಷಾಯ ಹೀರುತ್ತಿದ್ದಳು. "ನಿಂತಿದೆ," ಎಂದಳು ಅಷ್ಟೆ. ಆಮೇಲೆ ಐಸ್ ಕರಗಿತೆಂದು ಗೊಣಗಿದಳು.

ಸುನಿಲ್ದಾ ಅದೇ ಚೀಟಿಯ ಹಿಂದೆ ದಪ್ಪ ಅಕ್ಷರದಲ್ಲಿ 'ಇವಳು ನಾಲ್ಕು ಬಾಟಲಿ ಹೊರುತ್ತಾಳೆ' ಎಂದು ಬರೆದು, ಕೆಳಗೆ ಸಹಿ ಹಾಕಿ, ಮರುದಿನ ಶಾಲೆಗೆ ವಾಪಸು ಕಳಿಸಿದಳು. ಬೇರೆ ಊರಾಗಿದ್ದರೆ ಆ ಉತ್ತರ ಓದಿ ನಕ್ಕುಬಿಡುತ್ತಿದ್ದರೇನೋ. ಮೇಷ್ಟ್ರು ಈ ಊರಿನವನೇ. ತನ್ನ ಕಣ್ಣೇ ಮೋಸ ಹೋಗಿರಬೇಕು ಎಂದುಕೊಂಡು ಸುಮ್ಮನಾದ.

ಆ ಸೀಮೆಯಲ್ಲಿ ಬೇಸಿಗೆ ಕಾಲಿಡುವುದು ವರ್ಷದ ಕೊನೆಗೆ; ಅಕ್ಟೋಬರಿನಲ್ಲಿ ಬಿಸಿಲು ಏರಿತು. ಯೆರುತಿಯೂ ಏರಿದ್ದಳು, ಏಳು ತಿಂಗಳಲ್ಲಿ ಮೂರು ಬೆರಳು ಎತ್ತರ. ನವೆಂಬರ್ ಕೊನೆಗೆ ವರ್ಷದ ಪ್ರದರ್ಶನ, ಅವತ್ತು ಅವಳು ಮೊದಲ ಸಲ ಜನರೆದುರು ಐದು ಬಾಟಲಿ ಹೊರಬೇಕಿತ್ತು. ಹೊಸ ಲಂಗ ಬಂತು. ಅದರ ಅಂಚು ಎಡಗಡೆ ನೆಲ ಗುಡಿಸುತ್ತಿತ್ತು. ಸುನಿಲ್ದಾ ದರ್ಜಿಗೆ ನಾಲ್ಕು ಮಾತು ಬೈದು ಮತ್ತೆ ಹೊಲಿಸಿ ತಂದಳು. ಮತ್ತೆ ಎಡಗಡೆಯೇ ಗುಡಿಸಿತು. ದರ್ಜಿಗೆ ಕಣ್ಣು ಮಂದವಾಗಿದೆ ಎಂದು ಅವಳು ತೀರ್ಮಾನಿಸಿದಳು. ತಪ್ಪು ಯಾರ ಮೇಲಾದರೂ ಹಾಕುವುದರಲ್ಲಿ ಸುನಿಲ್ದಾ ತಡಮಾಡುವವಳಲ್ಲ.

ಒಂದು ಶನಿವಾರ ಬೆಳಿಗ್ಗೆ ಯೆರುತಿ ಅಂಗಳದ ನಲ್ಲಿಯ ಕೆಳಗೆ ಬಗ್ಗಿ ತಲೆ ತೊಳೆದುಕೊಳ್ಳುತ್ತಿದ್ದಳು. ಟವೆಲ್ ಹಿಡಿದು ಹಿಂದಿನಿಂದ ಬಂದ ಸುನಿಲ್ದಾ ಅಲ್ಲೇ ನಿಂತುಬಿಟ್ಟಳು. ಒದ್ದೆ ಬನಿಯನ್ನಿನ ಅಡಿಯಲ್ಲಿ ಬೆನ್ನಿನ ಬಲಭಾಗ ಎಡಭಾಗಕ್ಕಿಂತ ಎರಡು ಬೆರಳಿನಷ್ಟು ಮೇಲೆದ್ದಿತ್ತು, ಒಳಗಿನಿಂದ ಯಾರೋ ಮುಷ್ಟಿ ಒತ್ತಿ ಹಿಡಿದ ಹಾಗೆ.

"ನೆಟ್ಟಗೆ ನಿಲ್ಲು," ಎಂದಳು. ನಿಂತಾಗ ಏನೂ ಇಲ್ಲ. "ಬಗ್ಗು." ಬಗ್ಗಿದಾಗ ಮತ್ತೆ ಎದ್ದಿತು. "ನಿಲ್ಲು. ಬಗ್ಗು."

"ಏನಮ್ಮ ಇದು, ಕವಾಯತ್ತಾ? ಕಣ್ಣಲ್ಲಿ ಸೋಪು ಉರೀತಿದೆ!"

ಸುನಿಲ್ದಾ ಟವೆಲನ್ನು ಅವಳ ಕೈಗೆ ಕೊಡದೆ ಹೆಗಲ ಮೇಲೆ ಹಾಕಿಕೊಂಡೇ ಒಳಗೆ ಹೋದಳು. ಆ ದಿನ ಒಂದೇ ಪಾತ್ರೆಯನ್ನು ಮೂರು ಸಲ ತೊಳೆದಳು. ಮಧ್ಯಾಹ್ನ ಊರೆಲ್ಲ ಬಾಗಿಲು ಹಾಕಿ ನಿದ್ದೆ ಮಾಡುವ ಹೊತ್ತಿನಲ್ಲಿ ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆಮನೆಗೆ ಓಡಾಡಿದಳು. ಕೂತರೆ ಏಳಬೇಕೆನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೋ ತಿಳಿಯುತ್ತಿರಲಿಲ್ಲ. ಏಳು ತಿಂಗಳು! ಚೀಟಿಯ ಹಿಂದೆ ತಾನು ಬರೆದ ಆ ದಪ್ಪ ಅಕ್ಷರಗಳು ಕಣ್ಣಿಗೆ ಕಟ್ಟಿದಂತಾಗಿ ಅವಳಿಗೆ ತನ್ನ ಕೈಯನ್ನೇ ಕಚ್ಚಿಕೊಳ್ಳಬೇಕೆನ್ನಿಸಿತು.

ಸೋಮವಾರ ನಸುಕಿನ ಬಸ್ಸಿಗೇ ತಾಯಿ ಮಗಳು ರಾಜಧಾನಿ ಅಸುನ್ಸಿಯೋನಿಗೆ ಹೊರಟರು. ದಾರಿಯಲ್ಲಿ ಚೀಪಾ ಮಾರುವ ಹೆಂಗಸು ಬುಟ್ಟಿ ಹೊತ್ತು ಬಸ್ಸು ಹತ್ತಿದಾಗ ಸುನಿಲ್ದಾ ಎರಡು ಬಿಸಿ ರೊಟ್ಟಿ ಕೊಂಡಳು. ಯೆರುತಿ ತನ್ನದನ್ನು ತಿಂದು ತಾಯಿಯದನ್ನೂ ತಿಂದಳು.

ದೊಡ್ಡಾಸ್ಪತ್ರೆಯ ಮೂಳೆ ವಿಭಾಗದ ಡಾಕ್ಟರ್ ಒವೆಲಾರ್ ಐವತ್ತರ ಹೆಂಗಸು. ಗೊಗ್ಗರು ದನಿ, ಮಾತಿನಲ್ಲಿ ಸುತ್ತುಬಳಸಿಲ್ಲ. ಯೆರುತಿಯ ಎರಡೂ ಕೈ ಜೋಡಿಸಿ ಮುಂದಕ್ಕೆ ಬಗ್ಗಿಸಿದಳು. ಮೇಸ್ತ್ರಿಗಳ ಮಟ್ಟಗೋಲಿನಂಥ ಒಂದು ಚಿಕ್ಕ ಸಾಧನವನ್ನು ಬೆನ್ನಿಗೆ ಅಡ್ಡಲಾಗಿ ಇಟ್ಟು ಮೇಲಿನಿಂದ ಕೆಳಗಿನವರೆಗೆ ಜಾರಿಸಿದಳು. ಆಮೇಲೆ ಎಕ್ಸ್‌ರೇಗೆ ಕಳಿಸಿದಳು. ಪಟ ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದಳು. ಬೆನ್ನುಮೂಳೆ ಮೇಲೆ ಬಲಕ್ಕೆ ಒಮ್ಮೆ ಬಾಗಿ, ಕೆಳಗೆ ಎಡಕ್ಕೆ ಇನ್ನೊಮ್ಮೆ ಬಾಗಿತ್ತು, ಮರಳಿನ ಮೇಲೆ ಹಾವು ಹರಿದ ಗುರುತಿನಂತೆ.

"ಸ್ಕೋಲಿಯೋಸಿಸ್ ಅಂತಾರೆ," ಎಂದಳು ಡಾಕ್ಟರ್. ಪಟದ ಮೇಲೆ ಸ್ಕೇಲಿಟ್ಟು, ಬಾಗಿನ ಮೇಲ್ತುದಿಗೊಂದು ಕೆಳತುದಿಗೊಂದು ಗೆರೆ ಎಳೆದು, ನಡುವಿನ ಕೋನ ಅಳೆದಳು. "ಮೂವತ್ತನಾಲ್ಕು ಡಿಗ್ರಿ. ಬರೀ ಪಕ್ಕಕ್ಕೆ ಬಾಗೋದಲ್ಲ ಇದು, ತಿರುಚಿಕೊಳ್ಳತ್ತೆ ಕೂಡ. ಅದಕ್ಕೇ ಪಕ್ಕೆಲುಬು ಹಿಂದಕ್ಕೆ ಎದ್ದಿರೋದು."

"ಆದ್ರೆ ಡಾಕ್ಟ್ರೇ, ಬಾಟಲಿ ನಿಲ್ಲತ್ತೆ! ನಾವು ಬಾಟಲಿ ಕುಣಿತದೋರು. ನಾಲ್ಕು ನಿಲ್ಲತ್ತೆ ಇವಳ ತಲೆ ಮೇಲೆ."

ಡಾಕ್ಟರ್ ನಗಲಿಲ್ಲ. ಪಟದಲ್ಲಿ ತಲೆಬುರುಡೆಯ ಮಧ್ಯದಿಂದ ಕೆಳಗೆ ಸ್ಕೇಲನ್ನು ನೇರ ಹಿಡಿದಳು. ಅದು ಸೊಂಟದ ನಟ್ಟನಡುವೆ ಬಂದು ಕೂತಿತು.

"ನಿಲ್ಲದೆ ಏನಮ್ಮ? ಮೇಲಿನ ಬಾಗು ಬಲಕ್ಕೆ ಎಳೀತು, ಕೆಳಗಿನದು ಎಡಕ್ಕೆ ಎಳೀತು, ಎರಡೂ ಸರಿಗೆ ಸರಿ ಆಯ್ತು. ತಲೆ ಬಂದು ಸೊಂಟದ ನೇರಕ್ಕೇ ನಿಂತಿದೆ. ಬಾಟಲಿಗೆ ಗೊತ್ತಾಗೋದು ತಲೆ ಒಂದೇ. ಬೆನ್ನಿನ ಸಮಾಚಾರ ಅದಕ್ಕೆ ಹೇಗೆ ಗೊತ್ತಾಗ್ಬೇಕು?"

"ಬಾಟಲಿ ಹೊತ್ತೇ ಹೀಗಾಯ್ತಾ?"

"ಇಲ್ಲ. ಬಾಟಲಿಯಿಂದ ಅಲ್ಲ, ಸ್ಕೂಲ್ ಬ್ಯಾಗಿಂದ ಅಲ್ಲ, ಅಡ್ಡಾದಿಡ್ಡಿ ಮಲಗಿದ್ದಕ್ಕೂ ಅಲ್ಲ. ಯಾಕೆ ಬರತ್ತೆ ಅಂತ ನಮಗೂ ಸರಿಯಾಗಿ ಗೊತ್ತಿಲ್ಲ. ಕೆಲವು ಮನೆತನದಲ್ಲಿ ಬರತ್ತೆ. ನಿಮ್ಮ ಕಡೆ ಯಾರಿಗಾದ್ರೂ ಇದೆಯಾ?"

"ನಮ್ಮ ಕಡೆನಾ? ನಮ್ಮಮ್ಮ ಒಂಬತ್ತು ಬಾಟಲಿ ಹೊತ್ತೋಳು!" ಎಂದುಬಿಟ್ಟು ಸುನಿಲ್ದಾ ನಾಲಿಗೆ ಕಚ್ಚಿಕೊಂಡಳು. ಈಗಷ್ಟೇ ಕೇಳಿದ ಪಾಠ ಅವಳ ಕಿವಿಯಿಂದ ಒಳಗೆ ಇಳಿದಿರಲಿಲ್ಲ.

ಡಾಕ್ಟರ್ ಸೊಂಟದ ಮೂಳೆಯ ಅಂಚು ತೋರಿಸಿದಳು. ಹುಡುಗಿಯ ಬೆಳವಣಿಗೆ ಇನ್ನೂ ಒಂದೂವರೆ ಎರಡು ವರ್ಷ ಇದೆ ಎನ್ನುವುದು ಅಲ್ಲಿ ಕಾಣುತ್ತದಂತೆ. ಬೆಳೆಯುವಷ್ಟು ದಿನ ಬಾಗೂ ಬೆಳೆಯುವ ಭಯ. ಅದಕ್ಕೆ ಬ್ರೇಸ್ ಹಾಕಬೇಕು: ಮೈ ಅಳತೆಗೆ ಮಾಡಿದ ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಕಂಕುಳಿನಿಂದ ಸೊಂಟದವರೆಗೆ, ದಿನಕ್ಕೆ ಇಪ್ಪತ್ತು ಗಂಟೆ.

"ನೆಟ್ಟಗಾಗತ್ತೆ ಅಂತ ನಾನು ಹೇಳಲ್ಲ. ಇದ್ದಲ್ಲೇ ನಿಂತ್ರೆ ಅದೇ ಗೆಲುವು. ಐವತ್ತರ ಹತ್ರ ಹೋಯ್ತು ಅಂದ್ರೆ ಆಪರೇಷನ್, ಮೂಳೆಗೆ ಕಂಬಿ, ಸ್ಕ್ರೂ. ಆಮೇಲೆ ಅಷ್ಟು ಭಾಗ ಬಗ್ಗಲ್ಲ. ಕುಣಿತ ಬಿಡ್ಬೇಕಾಗಿಲ್ಲ, ಉಳಿದ ನಾಲ್ಕು ಗಂಟೇಲಿ ಕುಣೀಲಿ. ಆದ್ರೆ ಇಪ್ಪತ್ತು ಅಂದ್ರೆ ಇಪ್ಪತ್ತೇ."

ಯೆರುತಿ ಬಟ್ಟೆ ಹಾಕಿಕೊಳ್ಳಲು ಪರದೆಯ ಹಿಂದೆ ಹೋದಾಗ ಸುನಿಲ್ದಾ ದನಿ ತಗ್ಗಿಸಿ ಕೇಳಿದಳು: "ಮಾರ್ಚಲ್ಲೇ ಬಂದಿದ್ರೆ?"

"ಮಾರ್ಚಲ್ಲಿ ನಾನು ನೋಡಿಲ್ವಲ್ಲ. ಕಡಿಮೆ ಇದ್ದಿರಬಹುದು. ಯಾಕೆ, ಆಗ್ಲೇ ಯಾರಾದ್ರೂ ಹೇಳಿದ್ರಾ?"

"ಇಲ್ಲ," ಎಂದಳು ಸುನಿಲ್ದಾ. ಪರದೆಯ ಹಿಂದೆ ಯೆರುತಿಯ ಗುಂಡಿ ಹಾಕುವ ಸದ್ದು ನಿಂತಿತು.

ಬ್ರೇಸ್ ಕೈಗೆ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಸುನಿಲ್ದಾ ಮನುಷ್ಯಳಾಗಿರಲಿಲ್ಲ. ಮಗಳು ಊಟಕ್ಕೆ ಕೂತರೆ ಬೆನ್ನು, ಎದ್ದರೆ ಬೆನ್ನು, ಬಟ್ಟೆ ಒಣಗಲು ಹಾಕುವಾಗಲೂ ಬೆನ್ನು. ಗೋಡೆಗೆ ನಿಲ್ಲಿಸಿ ಎತ್ತರದ ಗುರುತು ಹಾಕಿದಳು. ಮೂರು ದಿನಕ್ಕೆ ಮತ್ತೆ ನಿಲ್ಲಿಸಿದಳು. ಬೆಳೆಯಬೇಡ ಎಂದು ಮಕ್ಕಳಿಗೆ ಹೇಳುವುದಕ್ಕಾಗುತ್ತದೆಯೇ? ಅವಳು ಅದನ್ನೂ ಮನಸ್ಸಿನಲ್ಲಿ ಹೇಳಿ ನೋಡಿದಳು.

ಬ್ರೇಸ್ ಬಂದದ್ದು ನವೆಂಬರಿನ ನಡುವೆ, ನೆರಳಿನಲ್ಲೇ ನಲವತ್ತು ಡಿಗ್ರಿ ಸೆಕೆಯ ದಿನ. ಹತ್ತಿಯ ಬನಿಯನ್ ಮೇಲೆ ಕವಚ, ಹಿಂದುಗಡೆ ಮೂರು ಪಟ್ಟಿ. ಒಳಗಿನ ಮೆತ್ತೆಗಳು ಎದ್ದ ಜಾಗವನ್ನು ಒತ್ತುತ್ತಿದ್ದವು. ಯೆರುತಿ ಕನ್ನಡಿ ನೋಡಿಕೊಂಡು, "ನಾನೇನು ಆಮೆನಾ?" ಎಂದಳು. ಅದಕ್ಕೆ 'ಚಿಪ್ಪು' ಎಂದು ಹೆಸರಿಟ್ಟವಳೂ ಅವಳೇ. ಮೊದಲ ನಾಲ್ಕು ದಿನ ಹಾಕಿಕೊಂಡಳು. ಸುನಿಲ್ದಾ ಫ್ರಿಜ್ ಮೇಲೆ ಒಂದು ಕಾಗದ ಅಂಟಿಸಿ ದಿನದಿನದ ಗಂಟೆ ಬರೆದಳು: ಇಪ್ಪತ್ತು, ಇಪ್ಪತ್ತು, ಹತ್ತೊಂಬತ್ತು, ಹದಿನೇಳು. ಐದನೆಯ ದಿನ ಶಾಲೆಯಲ್ಲಿ ಯಾರೋ ಹುಡುಗರು ಬೆನ್ನಿಗೆ ಟಕಟಕ ಬಡಿದು, "ಮನೇಲಿ ಯಾರಿದ್ದೀರಾ?" ಎಂದು ಕೂಗಿದರಂತೆ. ಅವತ್ತು ಒಂಬತ್ತು. ಆಮೇಲೆ ಮೂರು. ಆಮೇಲೆ ಕಾಗದದ ಮೇಲೆ ಬರೆಯುವಂಥದ್ದೇನೂ ಉಳಿಯಲಿಲ್ಲ.

ಬೈದರೂ ಇಲ್ಲ, ಮುದ್ದು ಮಾಡಿದರೂ ಇಲ್ಲ. ಹುಡುಗಿ ಹಿಡಿದ ಪಟ್ಟು ಬಿಡಲಿಲ್ಲ. ಚಿಪ್ಪು ಒಮ್ಮೆ ಮಂಚದ ಕೆಳಗೆ, ಒಮ್ಮೆ ಕೋಳಿಗೂಡಿನ ಹಿಂದೆ ಸಿಗುತ್ತಿತ್ತು. ಎಲಿಹಿಯಾ ಇದನ್ನೆಲ್ಲ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಎರಡು ಮಾತು ಬುದ್ಧಿ ಹೇಳಮ್ಮ ಎಂದು ಸುನಿಲ್ದಾ ಕೇಳಿಕೊಂಡರೆ, "ಸೆಕೆ ಕಣೇ, ಮಗು," ಎಂದು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಸುನಿಲ್ದಾಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಹತ್ತು ದಿನ ಹೀಗೇ ಕಳೆಯಿತು. ಪ್ರದರ್ಶನಕ್ಕೆ ಇನ್ನು ಎರಡೇ ದಿನವಿದ್ದ ಗುರುವಾರ. ಮಧ್ಯಾಹ್ನದ ನಿದ್ದೆಯ ಹೊತ್ತು ಮುಗಿದು, ನಾಲ್ಕು ಗಂಟೆಗೆ ಶಿಷ್ಯೆಯರು ಅಭ್ಯಾಸಕ್ಕೆ ಬರುವ ಮೊದಲು, ಸುನಿಲ್ದಾ ಚಿಪ್ಪನ್ನು ಹಿಡಿದುಕೊಂಡು ಅಂಗಳಕ್ಕೆ ಬಂದಳು. ಯೆರುತಿ ಸ್ಟೂಲು ಎಳೆದುಕೊಂಡು ಒಬ್ಬಳೇ ಅದರ ಮೇಲೆ ಬಾಟಲಿ ಜೋಡಿಸುತ್ತಿದ್ದಳು.

"ಇವತ್ತು ಇದನ್ನ ಹಾಕ್ಕೊಳ್ದೆ ನೀನು ಬಾಟಲಿ ಮುಟ್ಟೋ ಹಾಗಿಲ್ಲ."

"ಹಾಕ್ಕೊಳಲ್ಲ."

"ಬೆನ್ನು ಸೊಟ್ಟ ಆಗ್ತಿದೆ ಕಣೇ! ಪಟ ನೋಡ್ಲಿಲ್ವಾ ನೀನು?"

"ನೀನೇ ತಾನೆ ಬಾಟಲಿ ಸುಳ್ಳು ಹೇಳಲ್ಲ ಅಂದಿದ್ದು? ಮೇಷ್ಟ್ರಿಗೆ ಬರೆದು ಬೇರೆ ಕೊಟ್ಟೆ. ಸ್ಕೂಲಲ್ಲಿ ಎಲ್ರೂ ಓದಿದಾರೆ ಅದನ್ನ."

"ಆಗ ನಾನು ತಪ್ಪು ಮಾಡ್ದೆ. ಸರಿನಾ? ತಪ್ಪು ಮಾಡ್ದೆ."

"ಆಗ ತಪ್ಪು ಮಾಡಿದ್ಯೋ ಈಗ ಮಾಡ್ತಿದೀಯೋ, ನನಗೆ ಹೇಗೆ ಗೊತ್ತಾಗ್ಬೇಕು? ಡಾಕ್ಟ್ರಿಗೂ ಸುಳ್ಳು ಹೇಳಿದ್ಯಲ್ಲ. ಯಾರೂ ಹೇಳ್ಲಿಲ್ಲ ಅಂದೆ. ನನಗೆ ಕೇಳಿಸ್ತು."

ಹನ್ನೆರಡು ವರ್ಷದ ಹುಡುಗಿ ಸ್ಟೂಲಿನ ಪಕ್ಕ ಮಂಡಿಯೂರಿ, ಅದರ ಮೇಲೆ ಜೋಡಿಸಿದ್ದ ಐದು ಬಾಟಲಿಯ ಸಾಲನ್ನು ಬುಡ ಹಿಡಿದು ತಾನೇ ತಲೆಯ ಮೇಲಕ್ಕೆ ಜಾರಿಸಿಕೊಂಡಳು. ಐದನ್ನು ಸ್ವಂತ ಕೈಯಲ್ಲಿ ಏರಿಸಿಕೊಂಡವರನ್ನು ಸುನಿಲ್ದಾ ಅಲ್ಲಿಯವರೆಗೆ ಕಂಡಿರಲಿಲ್ಲ. ಯೆರುತಿ ಮೆಲ್ಲಗೆ ಎದ್ದಳು. ಬಾವಿ ಸುತ್ತಿದಳು. ಮಾವಿನ ಬೇರು ದಾಟಿದಳು. ಗಾಜಿನ ಸಾಲು ಆಕಾಶಕ್ಕೆ ನೇರವಾಗಿ ನಿಂತಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಎದೆಯೊಳಗೆ ಅಷ್ಟೊಂದು ತಳಮಳವಿದ್ದರೂ ಸುನಿಲ್ದಾಳ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು.

"ಎಲ್ಲಿದೆ ಸೊಟ್ಟ? ತೋರ್ಸು! ಎಲ್ಲಿದೆ?" ಯೆರುತಿಯ ದನಿ ನಡುಗುತ್ತಿತ್ತು. ಬಾಟಲಿ ನಡುಗಲಿಲ್ಲ.

"ಸಾಕು," ಎಂದಳು ಎಲಿಹಿಯಾ.

ಮುದುಕಿ ಕುರ್ಚಿಯಿಂದ ಎದ್ದಿದ್ದಳು. "ಇಳಿಸೇ ಅದನ್ನ. ಇಬ್ರೂ ಒಳಗೆ ಬನ್ನಿ."

ಅವಳ ಕೋಣೆಯಲ್ಲಿ ಒಂದು ಮಂಚ, ಒಂದು ಪೆಟ್ಟಿಗೆ, ಬೀದಿಗೆ ತೆರೆಯುವ ಒಂದು ಕಿಟಕಿ. ಎಲಿಹಿಯಾ ಕಿಟಕಿ ಮುಚ್ಚುತ್ತಾಳೆ ಎಂದುಕೊಂಡರೆ ಅವಳು ಪೂರಾ ತೆರೆದು ಬೆಳಕು ಬಿಟ್ಟಳು. ಹೆಗಲ ಶಾಲು ತೆಗೆದು ಮಂಚದ ಮೇಲೆ ಹಾಕಿದಳು. ಕಸೂತಿಯ ಸಡಿಲ ರವಿಕೆಯ ದಾರ ಬಿಚ್ಚಿದಳು. ಆಮೇಲೆ ಇಬ್ಬರಿಗೂ ಬೆನ್ನು ಮಾಡಿ, ಮಂಚದ ಕಟ್ಟು ಹಿಡಿದು ಮುಂದಕ್ಕೆ ಬಗ್ಗಿದಳು.

ಸುನಿಲ್ದಾಳಿಗೆ ನಲವತ್ತಮೂರು ವರ್ಷ. ತಾಯಿಯ ಬೆನ್ನನ್ನು ಅವಳು ನೋಡಿದ್ದು ಅದೇ ಮೊದಲು. ಸ್ನಾನಕ್ಕೆ ಒಳಗಿನಿಂದ ಅಗುಳಿ ಹಾಕಿಕೊಳ್ಳುವುದನ್ನು, ಜ್ವರ ಬಂದಾಗಲೂ ಮೈ ಒರೆಸಲು ಬಿಡದಿರುವುದನ್ನು ಹಳೇ ಕಾಲದವರ ನಾಚಿಕೆ ಎಂದುಕೊಂಡು ಬಂದಿದ್ದಳು. ಬಲಗಡೆಯ ಪಕ್ಕೆಲುಬುಗಳು ಒಟ್ಟಾಗಿ ಮೇಲೆದ್ದು ದಿಣ್ಣೆಯಾಗಿದ್ದವು. ಎಡ ಸೊಂಟದ ಹತ್ತಿರ ಚರ್ಮ ಮಡಿಕೆ ಬಿದ್ದು ಒಳಗೆ ಸೇರಿಕೊಂಡಿತ್ತು. ನಡುವಿನ ಮೂಳೆಯ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣು ಹುಡುಕಬೇಕಿತ್ತು. ಯೆರುತಿಯ ಪಟದಲ್ಲಿದ್ದ ಅದೇ ಬಾಗು, ಅದೇ ಕಡೆಗೆ, ಅರವತ್ತು ವರ್ಷ ಯಾರೂ ತಡೆಯದೆ ಬೆಳೆದದ್ದು.

"ಒಂಬತ್ತು ಬಾಟಲಿ ನಿಂತಿದ್ದು ಇದರ ಮೇಲೇನೇ," ಎಂದಳು ಎಲಿಹಿಯಾ, ತಲೆ ಕೆಳಗೆ ಹಾಕಿಕೊಂಡೇ. "ನನಗೆ ಹದಿಮೂರಾದಾಗ ನಮ್ಮಮ್ಮ ನೋಡಿದ್ಲು. ರವಿಕೆ ಸಡಿಲ ಮಾಡಿಸ್ಕೋ, ಜನ ತಲೆ ಮೇಲೇ ನೋಡೋ ಹಾಗೆ ಮಾಡು, ಮೇಲೆ ನೋಡೋರು ಬೆನ್ನು ನೋಡಲ್ಲ ಅಂದ್ಲು. ಐದು ಹೊತ್ತೆ. ಬೆನ್ನು ಇನ್ನಷ್ಟು ಎದ್ದಿತು, ಏಳು ಹೊತ್ತೆ. ಹೀಗೇ ಒಂಬತ್ತಾಯ್ತು."

ಯೆರುತಿ ಹತ್ತಿರ ಹೋಗಿ ಆ ದಿಣ್ಣೆಯ ಮೇಲೆ ಅಂಗೈ ಇಟ್ಟಳು.

"ನೋಯತ್ತಾ ಅಜ್ಜಿ?"

"ಬಾಟಲಿ ಇದ್ದಾಗ ನೋಯ್ತಿರಲಿಲ್ಲ. ಇಳಿಸಿದ ಮೇಲೆ ನೋಯೋದು."

"ಎಷ್ಟೊತ್ತು?"

"ಇಪ್ಪತ್ತೆರಡು ವರ್ಷ ಆಯ್ತು ಇಳಿಸಿ."

ಸುನಿಲ್ದಾಳ ಕೈಯಲ್ಲಿ ಇನ್ನೂ ಚಿಪ್ಪು ಇತ್ತು. ಅದನ್ನು ಎಲ್ಲಿಡಬೇಕೋ ತಿಳಿಯದೆ ಮಂಚದ ಮೇಲೆ ಎಸೆದಳು. "ಚೀಟಿ ಬಂದಾಗ ನೀನು ಅಲ್ಲೇ ಕೂತಿದ್ದೆ. ನಾನು ಇವಳ ತಲೆ ಮೇಲೆ ಬಾಟಲಿ ಇಟ್ಟು ಅಂಗಳ ಸುತ್ತಿಸ್ತಿದ್ದೆ, ನೀನು ನಿಂತಿದೆ ಅಂದೆ!"

"ನಿಂತಿತ್ತಲ್ಲ."

"ಅಮ್ಮಾ!"

ಎಲಿಹಿಯಾ ಎದ್ದು ರವಿಕೆ ಸರಿಮಾಡಿಕೊಂಡಳು. ಮಗಳ ಮುಖ ನೋಡಲಿಲ್ಲ. "ಮುಚ್ಚಿಡೋದು ಬಿಟ್ಟು ಇದಕ್ಕೆ ಬೇರೆ ದಾರಿ ಇದೆ ಅಂತ ನನಗೆ ಯಾರು ಹೇಳಿದ್ರು? ಇವಳಿಗೂ ಮುಚ್ಚಿಡೋದು ಕಲಿಸಿದ್ರಾಯ್ತು ಅಂದ್ಕೊಂಡೆ."

"ಅಕ್ಟೋಬರಲ್ಲಿ ಗೊತ್ತಾಯ್ತಲ್ಲ! ಡಾಕ್ಟ್ರು ಹೇಳಿದ್ದೆಲ್ಲ ನಿನ್ನ ಮುಂದೇನೇ ಹೇಳ್ದೆ. ಹತ್ತು ದಿನದಿಂದ ಈ ಮಗು ಇದನ್ನ ಮುಟ್ತಿಲ್ಲ, ನಾನು ತಲೆ ಚಚ್ಕೋತಿದೀನಿ, ನೀನು ಸೆಕೆ ಅಂತೀಯ!"

ಬೀದಿಯಲ್ಲಿ ಐಸ್‌ಕ್ರೀಮಿನವನ ಗಂಟೆ ಕೇಳಿಸಿ ದೂರವಾಯಿತು. "ಒಂಬತ್ತರ ಅಜ್ಜಿ ಅಂತಾರಲ್ಲೇ," ಎಂದಳು ಮುದುಕಿ. "ಗೂನು ಬೆನ್ನಿನೋಳು ಅಂತ ಯಾರೂ ಅಂದಿರಲಿಲ್ಲ. ಅಷ್ಟೇ ಕಣೇ. ಅಷ್ಟಕ್ಕೇ ಸುಮ್ಮನಿದ್ದೆ. ಇಷ್ಟು ಸಣ್ಣದಕ್ಕೆ."

ಸುನಿಲ್ದಾಳಿಗೆ ಕಿರುಚಬೇಕೆನ್ನಿಸಿತು, ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡಲಾಗದೆ ನಿಂತಿದ್ದಳು. ತಾನು ತಿಳಿಯದೆ ಕಳೆದ ಏಳು ತಿಂಗಳು ಒಂದು ಕಡೆ, ತಾಯಿ ತಿಳಿದೂ ಕಳೆದ ದಿನಗಳು ಇನ್ನೊಂದು ಕಡೆ. ಕ್ಷಮಿಸುವಷ್ಟು ವ್ಯವಧಾನ ಅವಳಿಗೆ ಆಗ ಇರಲಿಲ್ಲ.

ಯೆರುತಿ ಮಂಚದ ಮೇಲಿನ ಚಿಪ್ಪನ್ನು ಎತ್ತಿಕೊಂಡಳು. ಒಳಗೆ ಕೈ ಹಾಕಿ ಮೆತ್ತೆಗಳನ್ನು ಒತ್ತಿ ನೋಡಿದಳು. ಅಜ್ಜಿಯ ಬೆನ್ನನ್ನು ಮುಟ್ಟಿದ ಕೈಯೇ ಅದು. ಆಮೇಲೆ ಅಂಗಿ ತೆಗೆದು, ಬನಿಯನ್ನಿನ ಸುಕ್ಕು ಎಳೆದು ಸರಿಮಾಡಿಕೊಂಡು, ಕವಚದೊಳಗೆ ಮೈ ತೂರಿಸಿದಳು. "ಎಳೀರಿ," ಎಂದಳು, ಯಾರಿಗೆ ಎಂದು ಹೇಳದೆ. ಮೇಲಿನ ಪಟ್ಟಿಯನ್ನು ಸುನಿಲ್ದಾ ಎಳೆದಳು, ಕೆಳಗಿನದನ್ನು ಎಲಿಹಿಯಾ. ನಡುವಿನ ಪಟ್ಟಿಗೆ ಇಬ್ಬರೂ ಕೈ ಹಾಕಿದರು, ಇಬ್ಬರೂ ಕೈ ಹಿಂದೆ ತೆಗೆದುಕೊಂಡರು.

"ಬೇಗ ಎಳೀರಿ, ಹುಡುಗೀರು ಬಂದ್ರು," ಎಂದಳು ಯೆರುತಿ. ಅವಳು ಅಳುತ್ತಿದ್ದಳು. "ನೋಡ್ತಾರೆ. ನೋಡ್ಲಿ."

ಅಂಗಳದಲ್ಲಿ ಹದಿನಾಲ್ಕು ಹುಡುಗಿಯರು ಗಲಗಲ ಮಾಡುತ್ತ ಬಾಟಲಿ ಆರಿಸಿಕೊಳ್ಳುತ್ತಿದ್ದರು. ಯೆರುತಿ ಚಿಪ್ಪಿನಲ್ಲೇ ಹೊರಗೆ ಬಂದು ಮಾವಿನ ಮರದ ಕೆಳಗಿನ ಬೆಂಚಿನಲ್ಲಿ ಸೆಟೆದು ಕೂತಳು. ಗಲಾಟೆ ನಿಂತಿತು. ಯಾರೋ ಕಿಸಕ್ಕೆಂದು ನಕ್ಕರು. ಸುನಿಲ್ದಾ ಜಗಲಿಯ ಮೇಲೆ ನಿಂತು ಅವರನ್ನೆಲ್ಲ ನೋಡಿದಳು. ಹದಿನೆಂಟು ವರ್ಷದಿಂದ ಅವಳು ಈ ಅಂಗಳದಲ್ಲಿ ನೂರಾರು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ತಲೆಯ ಮೇಲೆ ಬಾಟಲಿ ಇಟ್ಟು, ಬೀಳಿಸದವರ ತಾಯಂದಿರಿಗೆ, ನಿಮ್ಮ ಮಗಳ ಬೆನ್ನು ಕಂಬದ ಹಾಗಿದೆ ಎಂದು ಹೇಳಿ ಕಳಿಸಿದ್ದಳು. ಅದು ಈಗ ನೆನಪಾಯಿತು.

"ಬಾಟಲಿ ಎಲ್ಲ ಕೆಳಗಿಡಿ!"

"ಅಭ್ಯಾಸ ಇಲ್ವಾ ಅಕ್ಕ? ನಾಡಿದ್ದೇ ಪ್ರದರ್ಶನ!"

"ಕೆಳಗಿಡಿ ಅಂದೆ. ಗೋಡೆ ಕಡೆ ಮುಖ ಮಾಡಿ ನಿಂತ್ಕೊಳಿ. ಕೂದಲು ಮುಂದೆ ಹಾಕ್ಕೊಳಿ. ಎರಡೂ ಕೈ ಜೋಡಿಸಿ, ಮಂಡಿ ಮಡಿಸ್ದೆ, ಮುಂದಕ್ಕೆ ಬಗ್ಗಿ. ಪೂರ್ತಿ. ನಗಬೇಡ್ವೇ, ಬಗ್ಗು!"

ಸಾಲಿನ ಒಂದು ತುದಿಯಿಂದ ಸುನಿಲ್ದಾ ಹೊರಟಳು. ಒಬ್ಬೊಬ್ಬಳ ಹಿಂದೆಯೂ ನಿಂತು, ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತಗ್ಗಿಸಿ ನೋಡಿದಳು. ಒಬ್ಬಳದು ಸಮ. ಇನ್ನೊಬ್ಬಳದು ಸಮ. ಮೂರನೆಯವಳದು ಸಮವೋ ಅಲ್ಲವೋ ತಿಳಿಯಲಿಲ್ಲ. ಅಂಗಿಯ ಸುಕ್ಕೂ ಮೂಳೆಯಂತೆ ಕಾಣುತ್ತಿತ್ತು, ಮೂಳೆ ಸುಕ್ಕಿನಂತೆ. ಹಿಂದಕ್ಕೆ ಹೋಗಿ ಮತ್ತೆ ಮೊದಲಿನಿಂದ ನೋಡಿದಳು. ಬೆವರು ಕಣ್ಣಿಗಿಳಿಯುತ್ತಿತ್ತು.

ಆಗ ಸಾಲಿನ ಇನ್ನೊಂದು ತುದಿಯಿಂದ ಎಲಿಹಿಯಾ ಬಂದಳು. ಶಾಲು ಹೊದ್ದಿರಲಿಲ್ಲ. ಅವಳು ಬಗ್ಗಲಿಲ್ಲ, ಇಣುಕಲಿಲ್ಲ. ಪ್ರತಿ ಬೆನ್ನಿನ ಮೇಲೂ ಅಂಗೈ ಇಟ್ಟು ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆದು ಮುಂದಕ್ಕೆ ಹೋಗುತ್ತಿದ್ದಳು. ನಾಲ್ಕು ಹುಡುಗಿಯರನ್ನು ದಾಟಿದಳು. ಐದನೆಯವಳು ಬೇಕರಿಯವರ ಮಗಳು ನಿಮಿಯಾ, ಹತ್ತು ವರ್ಷದ ಬಾಯಿಬಡುಕಿ, ಇಡೀ ತಂಡದಲ್ಲಿ ಒಂದು ಬಾಟಲಿಯನ್ನೂ ಇದುವರೆಗೆ ಬೀಳಿಸದವಳು. ಅಲ್ಲಿ ಮುದುಕಿಯ ಕೈ ನಿಂತಿತು. ಮತ್ತೆ ಮೇಲಕ್ಕೆ ಹೋಗಿ, ಮೆಲ್ಲಗೆ ಇಳಿದು, ಬಲಗಡೆ ಅದೇ ಜಾಗದಲ್ಲಿ ನಿಂತಿತು.

"ಅಜ್ಜಿ, ಕಚಗುಳಿ ಆಗತ್ತೆ," ಎಂದಳು ನಿಮಿಯಾ ತಲೆಕೆಳಗಾಗಿಯೇ.

ಎಲಿಹಿಯಾ ಸಾಲಿನ ಆಚೆಯಿದ್ದ ಮಗಳನ್ನು ನೋಡಿದಳು. "ಸುನಿಲ್ದಾ," ಎಂದಳು, ಅಂಗಳಕ್ಕೆಲ್ಲ ಕೇಳುವ ಹಾಗೆ. "ಇವಳ ಅಮ್ಮನ್ನ ಕರಿ."